ಚಹಾ ಪುಡಿಗೆ ವಿಕಿರಣ ಸಂಸ್ಕರಣೆ: ಎರಡು ಸಲ ಮಾಡಿದ ಒಂದು ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಗೆ ನಾನು ಮಾಡಿದ ಒಂದು ವಿಜ್ಞಾನ ಪಾಠದ ವರದಿ ಇದು. ಮೊದಲ ಸಲ ಮಾಡಿದಾಗ ಮಕ್ಕಳು ಖುಷಿಪಟ್ಟರು, ಸಮಯಕ್ಕೆ ಸರಿಯಾಗಿ ಪಾಠ ಮುಗಿಯಿತು, ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಆದರೆ ಮಕ್ಕಳು ಕಲಿತದ್ದು ತಪ್ಪಾಗಿತ್ತು. ಆ ತಪ್ಪನ್ನು ಕಲಿಸಿದ್ದು ನಾನೇ ತಯಾರಿಸಿದ ಬೋಧನೋಪಕರಣ ಮತ್ತು ನಾನೇ ಬಳಸಿದ ಒಂದು ಕ್ರಿಯಾಪದ. ಅದು ಹೇಗೆ ಗೊತ್ತಾಯಿತು, ಪಾಠವನ್ನು ಹೇಗೆ ತಿದ್ದಿಕೊಂಡೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಪಾಠದ ಆಯ್ಕೆ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಘಟಕದಲ್ಲಿ ಆಹಾರ ಸಂರಕ್ಷಣೆಯ ಭಾಗವಿದೆ. ಉಪ್ಪು, ಸಕ್ಕರೆ, ಎಣ್ಣೆ, ಕಾಯಿಸುವುದು, ತಣ್ಣಗಿಡುವುದು, ಹಾಲಿನ ಪಾಶ್ಚರೀಕರಣ, ಇಷ್ಟನ್ನು ಮಕ್ಕಳು ಓದುತ್ತಾರೆ. ಉಪ್ಪಿನಕಾಯಿ, ಹಪ್ಪಳಗಳ ಉದಾಹರಣೆ ಅವರ ಮನೆಯಲ್ಲೇ ಇದೆ. ಇವೆಲ್ಲ ಮುಗಿದ ಮೇಲೆ ಒಂದು ವಿಸ್ತರಣಾ ಪಾಠ ಮಾಡಬೇಕಿತ್ತು. ಕಾಫಿ, ಮೆಣಸು, ಏಲಕ್ಕಿ ಬೆಳೆಯುವ ಸೀಮೆ ನಮ್ಮದು. ತಾಲ್ಲೂಕಿನಲ್ಲಿ ಚಹಾ ತೋಟವೂ ಇದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಾದರೆ ಟೀ ಪುಡಿ ಮುಗ್ಗಲು ವಾಸನೆ ಬರುವುದು ಎಲ್ಲ ಮಕ್ಕಳಿಗೂ ಗೊತ್ತು. ಆದ್ದರಿಂದ ‘ಸಂಸ್ಕರಿಸಿದ ಚಹಾದಲ್ಲಿ ಉಳಿಯುವ ಸೂಕ್ಷ್ಮಜೀವಿಗಳನ್ನು ವಿಕಿರಣದಿಂದ ತಗ್ಗಿಸುವುದು’ ಎಂಬ ವಿಷಯವನ್ನು ಆರಿಸಿಕೊಂಡೆ. ಪಠ್ಯದಲ್ಲಿ ಇಲ್ಲದ ವಿಧಾನ, ಮನೆಯಲ್ಲಿ ದಿನವೂ ಇರುವ ವಸ್ತು. ಇವೆರಡೂ ಸೇರಿದರೆ ಪಾಠ ಚೆನ್ನಾಗಿರುತ್ತದೆ ಎಂದುಕೊಂಡೆ.

ವಿಷಯ: ಶಿಕ್ಷಕರು ತಿಳಿದಿರಬೇಕಾದಷ್ಟು

ಕಿತ್ತ ಹಸಿರು ಎಲೆಯನ್ನು ಬಾಡಿಸಿ, ಹಿಂಡಿ ಹರಿದು ಸುರುಳಿ ಮಾಡಿ, ಗಾಳಿಗೆ ಹರಡಿ ಬಣ್ಣ ಬರಿಸಿ, ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು. ಒಣಗಿದ ಪುಡಿಯಲ್ಲಿ ಉಳಿಯುವುದು ಸುಮಾರು ಶೇಕಡ 3ರಷ್ಟು. ಒಣಗಿಸುವ ಬಿಸಿಗೆ ಬಹಳಷ್ಟು ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ಬ್ಯಾಕ್ಟೀರಿಯಾದ ಬೀಜಕಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಮೇಲಾಗಿ, ಒಣಗಿದ ನಂತರ ಜರಡಿ ಹಿಡಿಯುವಾಗ, ಚೀಲಕ್ಕೆ ತುಂಬುವಾಗ, ಗೋದಾಮಿನಲ್ಲಿ ಕೂಡಿಟ್ಟಾಗ ಕೈ, ನೆಲ, ಧೂಳು, ತೇವಗಳಿಂದ ಹೊಸದಾಗಿ ಸೂಕ್ಷ್ಮಜೀವಿಗಳು ಸೇರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಮ್ ಜಾತಿಯ ಬೂಷ್ಟುಗಳು ಚಹಾದಲ್ಲಿ ಕಂಡುಬರುತ್ತವೆ. ಪುಡಿ ಒಣಗಿರುವವರೆಗೆ ಅವು ಬೆಳೆಯುವುದಿಲ್ಲ, ಸುಮ್ಮನೆ ಇರುತ್ತವೆ. ತೇವ ಸಿಕ್ಕರೆ ಬೆಳೆಯುತ್ತವೆ.

ಚಹಾವನ್ನು ಮತ್ತೆ ಬಿಸಿ ಮಾಡಿ ಶುದ್ಧಗೊಳಿಸಲು ಹೋದರೆ ಪರಿಮಳ ಹೋಗುತ್ತದೆ, ಹಬೆ ಹಾಯಿಸಿದರೆ ತೇವ ಸೇರುತ್ತದೆ. ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸುವ ಪದ್ಧತಿಯೂ ಇತ್ತು. ಆ ಅನಿಲ ಕ್ಯಾನ್ಸರ್‌ಕಾರಕವಾದ್ದರಿಂದ ಯುರೋಪಿನ ಒಕ್ಕೂಟ ಆಹಾರಕ್ಕೆ ಅದನ್ನು ಬಳಸುವುದನ್ನು ನಿಷೇಧಿಸಿದೆ. ಇನ್ನೊಂದು ದಾರಿ ಗಾಮಾ ಕಿರಣ. ಕೋಬಾಲ್ಟ್-60 ಎಂಬ ವಿಕಿರಣಶೀಲ ಧಾತುವನ್ನು ತುಕ್ಕು ಹಿಡಿಯದ ಉಕ್ಕಿನ ಕೊಳವೆಗಳಲ್ಲಿ ಭದ್ರವಾಗಿ ಮುಚ್ಚಿರುತ್ತಾರೆ. ಕೆಲಸವಿಲ್ಲದಾಗ ಅದು ಆಳವಾದ ನೀರಿನ ತೊಟ್ಟಿಯ ತಳದಲ್ಲಿರುತ್ತದೆ. ಕೆಲಸದ ಹೊತ್ತಿನಲ್ಲಿ ದಪ್ಪ ಕಾಂಕ್ರೀಟ್ ಗೋಡೆಗಳ ಕೋಣೆಯೊಳಗೆ ಅದನ್ನು ಮೇಲೆತ್ತುತ್ತಾರೆ. ಮುಚ್ಚಿದ ಪೆಟ್ಟಿಗೆಯಲ್ಲಿರುವ ಚಹಾ ಅದರ ಸುತ್ತ ನಿಧಾನವಾಗಿ ಚಲಿಸಿ ಹೊರಗೆ ಬರುತ್ತದೆ. ಕೋಬಾಲ್ಟು ಚಹಾವನ್ನು ಎಲ್ಲಿಯೂ ಮುಟ್ಟುವುದಿಲ್ಲ.

ಹೀಗೆ ಹಾಯ್ದುಹೋಗುವ ಕಿರಣ ಸೂಕ್ಷ್ಮಜೀವಿಯ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಜೀವಕೋಶದ ನೀರನ್ನು ಒಡೆದು, ಹಾಗೆ ಹುಟ್ಟಿದ ಚುರುಕಾದ ಕಣಗಳ ಮೂಲಕವೂ ಹಾನಿ ಮಾಡುತ್ತದೆ. ಒಣ ಪದಾರ್ಥದಲ್ಲಿ ನೀರು ಕಡಿಮೆ ಇರುವುದರಿಂದ ಈ ಎರಡನೆಯ ಹೊಡೆತ ಕಡಿಮೆ. ಆದ್ದರಿಂದ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಪ್ರಮಾಣವನ್ನು ಅಳೆಯುವ ಏಕಮಾನ ಗ್ರೇ. ಒಂದು ಕಿಲೋಗ್ರಾಮ್ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ನಮ್ಮ ದೇಶದ 2012ರ ಪರಮಾಣು ಶಕ್ತಿ (ಆಹಾರ ಮತ್ತು ಸಂಬಂಧಿತ ಉತ್ಪನ್ನಗಳ ವಿಕಿರಣ ಸಂಸ್ಕರಣೆ) ನಿಯಮಗಳಲ್ಲಿ ಚಹಾ, ಕಾಫಿ, ಕೋಕೋ, ಮಸಾಲೆ ಪದಾರ್ಥಗಳು ಒಂದೇ ವರ್ಗದಲ್ಲಿವೆ. ಸೂಕ್ಷ್ಮಜೀವಿಗಳನ್ನು ತಗ್ಗಿಸಲು 6ರಿಂದ 14 ಕಿಲೋಗ್ರೇ, ಹುಳು ಸಾಯಿಸಲು 0.3ರಿಂದ 1 ಕಿಲೋಗ್ರೇ ಎಂದು ಅಲ್ಲಿ ಹೇಳಿದೆ. ಹೋಲಿಕೆಗೆ, ಈರುಳ್ಳಿ ಮತ್ತು ಆಲೂಗೆಡ್ಡೆ ಮೊಳೆಯದಂತೆ ತಡೆಯಲು 0.02ರಿಂದ 0.2 ಕಿಲೋಗ್ರೇ ಸಾಕು. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಚಹಾದ ಮೇಲೆ ಗಾಮಾ ಕಿರಣದ ಪ್ರಯೋಗಗಳನ್ನು ಮಾಡಿದ್ದಾರೆ. ನವಿ ಮುಂಬೈನ ವಾಶಿಯಲ್ಲಿ ಮಸಾಲೆ ಪದಾರ್ಥಗಳಿಗಾಗಿ 2000ದಿಂದ ಘಟಕವೊಂದು ನಡೆಯುತ್ತಿದೆ. ನಮ್ಮ ರಾಜ್ಯದ ಮಾಲೂರಿನಲ್ಲೂ ವಿಕಿರಣ ಸಂಸ್ಕರಣಾ ಘಟಕವಿದೆ.

10 ಕಿಲೋಗ್ರೇ ಎಂದರೆ ಕೇಳಲು ದೊಡ್ಡದು. ಆದರೆ ಅಷ್ಟು ಶಕ್ತಿ ಒಂದು ಕಿಲೋ ನೀರಿನ ಉಷ್ಣತೆಯನ್ನು ಏರಿಸುವುದು ಬರೀ 2.4 ಡಿಗ್ರಿ ಸೆಲ್ಸಿಯಸ್‌ನಷ್ಟು. ಪರಿಮಳ ಹೆಚ್ಚು ಹಾಳಾಗದಿರುವುದು ಇದರಿಂದಲೇ. ಆದರೂ ಪ್ರಮಾಣ ಮಿತಿಮೀರಿದರೆ ರುಚಿ, ಬಣ್ಣ ಬದಲಾಗುತ್ತದೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ ಜಂಟಿ ತಜ್ಞರ ಸಮಿತಿ, ಸರಾಸರಿ 10 ಕಿಲೋಗ್ರೇವರೆಗೆ ಸಂಸ್ಕರಿಸಿದ ಯಾವುದೇ ಆಹಾರದಲ್ಲಿ ವಿಷಕಾರಿ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಎಲ್ಲ ದೇಶಗಳ ಕಾನೂನು ಒಂದೇ ರೀತಿ ಇಲ್ಲ ಎಂಬುದನ್ನೂ ಶಿಕ್ಷಕರು ತಿಳಿದಿರಬೇಕು. ಯುರೋಪಿನ ಒಕ್ಕೂಟದ ಸಾಮಾನ್ಯ ಪಟ್ಟಿಯಲ್ಲಿ ಒಣ ಸುವಾಸನೆಯ ಸೊಪ್ಪುಗಳು, ಮಸಾಲೆಗಳು ಮತ್ತು ಒಗ್ಗರಣೆಗೆ ಬಳಸುವ ಒಣ ತರಕಾರಿ ಪದಾರ್ಥಗಳಷ್ಟೇ ಇವೆ, ಚಹಾ ಇಲ್ಲ.

ಮೊದಲ ಪಾಠ

ಬಿಳಿ ತಟ್ಟೆಯಲ್ಲಿ ಟೀ ಪುಡಿ ಹರಡಿ, ಅದರಲ್ಲಿ ಸಾಬಕ್ಕಿ ಬೆರೆಸಿದೆ. ಸಾಬಕ್ಕಿ ಎಂದರೆ ಸೂಕ್ಷ್ಮಜೀವಿಗಳು. ಆಮೇಲೆ ಕೆಂಪು ರಂಗೋಲಿ ಪುಡಿಯನ್ನು ಬೆರಳ ಸಂದಿಯಿಂದ ಉದುರಿಸುತ್ತಾ, “ಇವು ಗಾಮಾ ಕಿರಣಗಳು. ಟೀ ಪುಡಿಗೆ ತಗಲುತ್ತವೆ, ಒಳಗಿರುವ ಸೂಕ್ಷ್ಮಜೀವಿಗಳಿಗೂ ತಗಲುತ್ತವೆ. ತಗಲಿದ ಕೂಡಲೇ ಅವು ಸಾಯುತ್ತವೆ,” ಎಂದೆ. ಇಬ್ಬರು ಮಕ್ಕಳನ್ನು ಕರೆದು ಕೆಂಪಾದ ಸಾಬಕ್ಕಿಗಳನ್ನು ಆರಿಸಿ ತೆಗೆಸಿದೆ. ಕೊನೆಗೆ, “ನೋಡಿ, ಟೀ ಪುಡಿ ಶುದ್ಧವಾಯಿತು,” ಎಂದೆ. ಕಪ್ಪುಹಲಗೆಯ ಮೇಲೆ ‘ವಿಕಿರಣ ಎಲ್ಲ ಸೂಕ್ಷ್ಮಜೀವಿಗಳನ್ನು ನಾಶ ಮಾಡುತ್ತದೆ’ ಎಂದು ಬರೆದೆ. ಮಕ್ಕಳು ಬರೆದುಕೊಂಡರು. ತರಗತಿ ನಿಯಂತ್ರಣ, ಧ್ವನಿ, ಉಪಕರಣದ ಬಳಕೆ, ಎಲ್ಲದರ ಬಗ್ಗೆಯೂ ವೀಕ್ಷಕರು ಒಳ್ಳೆಯ ಮಾತು ಬರೆದರು. ಒಂದೇ ಒಂದು ಪ್ರಶ್ನೆಯನ್ನು ನಮೂನೆಯ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ‘ಕೆಂಪು ಪುಡಿ ಕೊನೆಗೆ ಎಲ್ಲಿ ಹೋಯಿತು?’

ಆಗ ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ತಟ್ಟೆ ತೊಳೆದೆನೇ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ.

ಚೀಟಿಗಳು ಹೇಳಿದ್ದು

ಪಾಠದ ಕೊನೆಗೆ ಮಕ್ಕಳಿಗೆ ಚಿಕ್ಕ ಚೀಟಿಗಳನ್ನು ಕೊಟ್ಟು ಒಂದು ಪ್ರಶ್ನೆ ಕೇಳಿದ್ದೆ: ‘ವಿಕಿರಣದಿಂದ ಸಂಸ್ಕರಿಸಿದ ಟೀ ಪುಡಿಯಿಂದ ಟೀ ಮಾಡಿಕೊಟ್ಟರೆ ಕುಡಿಯುತ್ತೀರಾ? ಏಕೆ?’ ರಾತ್ರಿ ಹಾಸ್ಟೆಲಿನಲ್ಲಿ ಓದಲು ಕುಳಿತೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುಡಿಯುವುದಿಲ್ಲ ಎಂದು ಬರೆದಿದ್ದರು. ‘ಟೀ ಪುಡಿಯಲ್ಲಿ ಕಿರಣ ಉಳಿದಿರುತ್ತದೆ.’ ‘ಸೋಸಿ ಕುಡಿದರೆ ಪರವಾಗಿಲ್ಲ.’ ‘ನೀರಿನಲ್ಲಿ ತೊಳೆದು ಹಾಕಬೇಕು.’ ತೊಳೆಯಬೇಕು ಎಂದು ಬರೆದವನು ತಟ್ಟೆಯ ಮೇಲಿನ ಕೆಂಪನ್ನು ಸರಿಯಾಗಿ ನೋಡಿದ್ದ. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ನಾನು ತೋರಿಸಿದ್ದೇ ಹಾಗೆ.

ಒಂದು ಚೀಟಿಯಲ್ಲಿ ಹೀಗಿತ್ತು: ‘ಕುಡಿಯುವುದಿಲ್ಲ. ವಿಕಿರಣ ತಗಲಿದ್ದು ನಮಗೂ ತಗಲುತ್ತದೆ. ನಮ್ಮ ಅಜ್ಜಿಗೆ ಆಸ್ಪತ್ರೆಯಲ್ಲಿ ಕರೆಂಟ್ ಕೊಡುತ್ತಿದ್ದಾರೆ. ಅದಕ್ಕೇ ಮನೆಯಲ್ಲಿ ಅಜ್ಜಿಯ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನಾನು ಈಗ ಅಜ್ಜಿಯ ಹತ್ತಿರ ಮಲಗುವುದಿಲ್ಲ.’

ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಕಡೆ ಜನ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಆ ಹುಡುಗಿಯ ಮನೆಯಲ್ಲಿ ಈ ಭಯ ಮೊದಲೇ ಇತ್ತು. ನನ್ನ ಪಾಠ ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿತ್ತು. ಮೊದಲು ಮನೆಯವರು ಹೇಳಿದ್ದರು, ಈಗ ಶಾಲೆಯಲ್ಲಿ ಮಿಸ್ ಕೂಡ ತಟ್ಟೆಯಲ್ಲಿ ಮಾಡಿ ತೋರಿಸಿದ್ದರು. ವೀಕ್ಷಕರ ಪೆನ್ಸಿಲ್ ಪ್ರಶ್ನೆ ಆಗ ನನಗೆ ಅರ್ಥವಾಯಿತು.

ತಪ್ಪು ಎಲ್ಲೆಲ್ಲಿತ್ತು

ಮರುದಿನ ಉಪನ್ಯಾಸಕರ ಹತ್ತಿರ ಚೀಟಿಗಳನ್ನು ಒಯ್ದೆ. ಅವರು ಎಲ್ಲವನ್ನೂ ಓದಿ, ಆ ಒಂದು ಚೀಟಿಯನ್ನು ಪಕ್ಕಕ್ಕಿಟ್ಟು, “ಪಾಠ ಇನ್ನೊಂದು ಸಲ ಮಾಡಮ್ಮ. ಅಂಕಕ್ಕಲ್ಲ,” ಎಂದರು. ಇಬ್ಬರೂ ಕುಳಿತು ಮೂರು ತಪ್ಪುಗಳನ್ನು ಪಟ್ಟಿ ಮಾಡಿದೆವು.

ಒಂದು, ಉಪಕರಣ. ಪುಡಿ ಒಂದು ವಸ್ತು. ಅದು ಬಿದ್ದ ಕಡೆ ಉಳಿಯುತ್ತದೆ, ಕೈಗೆ ಅಂಟುತ್ತದೆ, ಇನ್ನೊಬ್ಬರಿಗೆ ಹರಡುತ್ತದೆ. ವಿಕಿರಣಶೀಲ ಧೂಳು ಆಹಾರದ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ರಂಗೋಲಿ ಪುಡಿ ಒಳ್ಳೆಯ ಮಾದರಿ. ವಿಕಿರಣಕ್ಕೆ ಒಡ್ಡುವುದಕ್ಕೆ ಅದು ಮಾದರಿಯೇ ಅಲ್ಲ. ನಾನು ಒಂದರ ಹೆಸರಿನಲ್ಲಿ ಇನ್ನೊಂದನ್ನು ತೋರಿಸಿದ್ದೆ.

ಎರಡು, ಭಾಷೆ. ‘ತಗಲು’ ಎಂಬ ನಮ್ಮ ಮಾತಿಗೆ ಹಲವು ಕೆಲಸ. ಬಿಸಿಲು ತಗಲುತ್ತದೆ, ಕಲ್ಲು ತಗಲುತ್ತದೆ, ಸೋಂಕೂ ತಗಲುತ್ತದೆ. ಕೊರೊನಾ ಕಾಲವನ್ನು ಕಂಡ ಮಕ್ಕಳ ಕಿವಿಗೆ ಮೊದಲು ಕೇಳುವುದು ಕೊನೆಯ ಅರ್ಥವೇ. ಇದರ ಜೊತೆಗೆ ‘ವಿಕಿರಣಕ್ಕೊಡ್ಡಿದ’ ಮತ್ತು ‘ವಿಕಿರಣಶೀಲ’ ಎಂಬ ಎರಡು ಪದಗಳ ಮೊದಲರ್ಧ ಒಂದೇ ಆದ್ದರಿಂದ, ಮಕ್ಕಳು ಎರಡನ್ನೂ ಒಂದೇ ಎಂದು ತಿಳಿಯುವುದು ಸಹಜ. ಇನ್ನು ಮುಂದೆ ‘ಹಾಯ್ದುಹೋಗು’ ಎಂಬ ಮಾತನ್ನೇ ಬಳಸಬೇಕು ಎಂದು ತೀರ್ಮಾನಿಸಿದೆವು. ಹಾಯ್ದುಹೋದದ್ದು ಉಳಿಯುವುದಿಲ್ಲ ಎಂಬುದು ಆ ಮಾತಿನಲ್ಲೇ ಇದೆ.

ಮೂರು, ‘ಎಲ್ಲ ಸೂಕ್ಷ್ಮಜೀವಿಗಳನ್ನು ನಾಶ ಮಾಡುತ್ತದೆ’ ಎಂಬ ವಾಕ್ಯ. ನಿಯಮಗಳೇ ‘ತಗ್ಗಿಸುವುದು’ ಎನ್ನುತ್ತವೆ. 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಗಾಮಾ ಕಿರಣ ಹಾಯಿಸಿದ ಡಬ್ಬಿಯ ಮಾಂಸ ಕೆಟ್ಟಾಗ ಪತ್ತೆಯಾದ ಡೈನೊಕಾಕಸ್ ರೇಡಿಯೊಡ್ಯೂರನ್ಸ್ ಎಂಬ ಬ್ಯಾಕ್ಟೀರಿಯಾ 5 ಕಿಲೋಗ್ರೇಯನ್ನೂ ತಾಳಿಕೊಳ್ಳುತ್ತದೆ. ಮನುಷ್ಯನ ಇಡೀ ದೇಹಕ್ಕೆ ಒಮ್ಮೆಲೇ 4–5 ಗ್ರೇ ಬಿದ್ದರೆ ಪ್ರಾಣಕ್ಕೇ ಅಪಾಯ. ಜೀವಿಯಿಂದ ಜೀವಿಗೆ ಇಷ್ಟು ವ್ಯತ್ಯಾಸವಿರುವಾಗ ‘ಎಲ್ಲ’ ಎಂದು ಬರೆದದ್ದು ನನ್ನ ಅವಸರ.

ಎರಡನೆಯ ಪಾಠ

ತೊಡಗಿಸುವಿಕೆ: ನಾನು ಮೊದಲು ತಪ್ಪನ್ನು ಒಪ್ಪಿಕೊಂಡೆ. “ಹೋದ ವಾರ ನಾನು ತೋರಿಸಿದ ಕೆಂಪು ಪುಡಿ ತಪ್ಪು ಉದಾಹರಣೆ. ಯಾಕೆ ತಪ್ಪು ಅಂತ ಇವತ್ತು ನೀವೇ ಕಂಡುಹಿಡಿಯಬೇಕು,” ಎಂದೆ. ತರಗತಿ ಒಮ್ಮೆಲೇ ಚುರುಕಾಯಿತು. ಶಿಕ್ಷಕರ ತಪ್ಪು ಹುಡುಕುವ ಕೆಲಸದಲ್ಲಿ ಮಕ್ಕಳಿಗೆ ಇರುವ ಉತ್ಸಾಹ ಬೇರೆ ಯಾವುದರಲ್ಲೂ ಇರುವುದಿಲ್ಲ.

ಅನ್ವೇಷಣೆ: ಕಿಟಕಿಗಳನ್ನು ಮುಚ್ಚಿ ಕೋಣೆಯನ್ನು ಮಬ್ಬು ಮಾಡಿದೆವು. ಎರಡು ತಟ್ಟೆಗಳಲ್ಲಿ ಟೀ ಪುಡಿ. ಒಂದರ ಮೇಲೆ ರಂಗೋಲಿ ಪುಡಿ ಉದುರಿಸಿದೆ. ಇನ್ನೊಂದರ ಮೇಲೆ ಟಾರ್ಚ್ ಬೆಳಕು ಬಿಟ್ಟು, ಆರಿಸಿದೆ. “ಈಗ ಎರಡೂ ತಟ್ಟೆಗೆ ಬೆರಳು ಒತ್ತಿ ನೋಡಿ. ಯಾರ ಬೆರಳಿಗೆ ಏನು ಬಂತು?” ಒಬ್ಬರ ಬೆರಳು ಕೆಂಪಾಯಿತು. ಇನ್ನೊಬ್ಬರ ಬೆರಳಿಗೆ ಟೀ ಪುಡಿಯಷ್ಟೇ ಬಂತು, ಬೆಳಕು ಬರಲಿಲ್ಲ. “ಬೆಳಕು ಎಲ್ಲಿ ಹೋಯ್ತು?” ಎಂದು ಕೇಳಿದೆ. “ಟಾರ್ಚ್ ಆಫ್ ಆಯ್ತಲ್ಲ ಮಿಸ್, ಇನ್ನೆಲ್ಲಿರುತ್ತೆ?” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪಾಠದ ತಿರುಳನ್ನು ಅವನೇ ಹೇಳಿದ. ಅದೇ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದೆ.

ಟಾರ್ಚ್ ಬೆಳಕು ಟೀ ಪುಡಿಯ ಮೇಲ್ಪದರದಲ್ಲೇ ನಿಲ್ಲುತ್ತದೆ, ಗಾಮಾ ಕಿರಣ ಪೆಟ್ಟಿಗೆಯ ಆಚೆಗೂ ಹಾಯುತ್ತದೆ. ಈ ವ್ಯತ್ಯಾಸ ತೋರಿಸಲು ಅಂಗೈಗೆ ಟಾರ್ಚ್ ಒತ್ತಿ ಹಿಡಿಸಿದೆ. ಬೆರಳುಗಳ ನಡುವೆ ಕೆಂಪಗೆ ಬೆಳಕು ಕಂಡಿತು. ಕೈ ಮುರಿದಾಗ ಎಕ್ಸ್-ರೇ ತೆಗೆಸಿಕೊಂಡಿದ್ದ ಒಬ್ಬ ಹುಡುಗ ತನ್ನ ಅನುಭವ ಹೇಳಿದ. “ಎಕ್ಸ್-ರೇ ತೆಗೆದ ಮೇಲೆ ನಿನ್ನ ಕೈ ಮುಟ್ಟಿದವರಿಗೆ ಏನಾದ್ರೂ ಆಯ್ತಾ?” ಎಂದು ಕೇಳಿದೆ. ಎಲ್ಲರೂ ನಕ್ಕರು. ಚೀಟಿ ಬರೆದಿದ್ದ ಹುಡುಗಿ ನಗಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿ ಏನೂ ಕೇಳಲಿಲ್ಲ.

ಆಗ ಒಂದು ಗಟ್ಟಿ ಪ್ರಶ್ನೆ ಬಂತು. “ಮಿಸ್, ರೇಡಿಯಂ ಸ್ಟಿಕ್ಕರ್‌ಗೆ ಟಾರ್ಚ್ ಬಿಟ್ಟು ಆಫ್ ಮಾಡಿದ್ರೂ ಕತ್ತಲಲ್ಲಿ ಹೊಳೀತದಲ್ಲ?” ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಒಳ್ಳೆ ಪ್ರಶ್ನೆ. ಅದು ಬೆಳಕಿನ ಶಕ್ತಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಪೂರ್ತಿ ಉತ್ತರ ನಾಳೆ ಹೇಳ್ತೀನಿ,” ಎಂದೆ. ಮರುದಿನ ಹೇಳಿದ್ದು ಇಷ್ಟು: ನಾವು ರೇಡಿಯಂ ಎಂದು ಕರೆದರೂ ಈಗಿನ ಆ ಸ್ಟಿಕ್ಕರಿನಲ್ಲಿ ರೇಡಿಯಂ ಇರುವುದಿಲ್ಲ. ಹಿಡಿದಿಟ್ಟ ಬೆಳಕನ್ನೇ ಅದು ನಿಧಾನವಾಗಿ ಬಿಡುತ್ತದೆ. ಮಸಾಲೆ, ಸೊಪ್ಪುಗಳಿಗೆ ಅಂಟಿದ ಮಣ್ಣಿನ ಕಣಗಳೂ ಗಾಮಾ ಕಿರಣದ ಶಕ್ತಿಯನ್ನು ಹೀಗೆ ಸ್ವಲ್ಪ ಹಿಡಿದಿಡುತ್ತವೆ. ಆ ಕಣಗಳನ್ನು ಬೇರ್ಪಡಿಸಿ ಕಾಯಿಸಿದರೆ ಮಸುಕು ಬೆಳಕು ಬರುತ್ತದೆ. ಸಂಸ್ಕರಣೆ ಆಗಿದೆಯೋ ಇಲ್ಲವೋ ಎಂದು ಪ್ರಯೋಗಾಲಯಗಳು ಇದರಿಂದಲೇ ಪತ್ತೆ ಮಾಡುತ್ತವೆ. ಅದು ಬೆಳಕು, ವಿಕಿರಣಶೀಲತೆಯಲ್ಲ. ಆ ಹುಡುಗನ ಪ್ರಶ್ನೆಯಿಂದ ನಾನೇ ಒಂದು ಹೊಸ ಸಂಗತಿ ಕಲಿತೆ.

ವಿವರಣೆ: ಇನ್ನು ‘ತಗ್ಗಿಸುವುದು’. ಚೌಕಾಬಾರ ಆಡಲು ಮಕ್ಕಳು ಉಜ್ಜಿ ಹೋಳು ಮಾಡಿಕೊಳ್ಳುವ ಹುಣಸೆ ಬೀಜಗಳನ್ನು ಮನೆಯಿಂದ ತರಿಸಿದ್ದೆ. ಒಂದು ಮುಖ ಬಿಳಿ, ಒಂದು ಮುಖ ಕಂದು. ಒಂದು ಗುಂಪಿಗೆ ನೂರು ಹೋಳು. ಒಂದು ಎಸೆತ ಎಂದರೆ ಒಂದು ಪಾಲು ವಿಕಿರಣ. ಬಿಳಿ ಮೇಲೆ ಬಿದ್ದದ್ದು ಸತ್ತಿತು, ತೆಗೆದಿಡಿ. ಉಳಿದದ್ದನ್ನು ಮತ್ತೆ ಎಸೆಯಿರಿ. ಒಂದು ಗುಂಪಿಗೆ ಬಂದ ಸಂಖ್ಯೆಗಳು: 100, 48, 26, 11, 6, 2, 1, 1. ಕೊನೆಯ ಒಂದು ಹೋಳು ಎರಡು ಎಸೆತ ಉಳಿದುಕೊಂಡಾಗ ಗುಂಪಿನವರೆಲ್ಲ ಅದರ ಪರವಾಗಿಯೇ ಕೂಗಿದರು. “ಹಾಗಾದರೆ ಎಷ್ಟು ಎಸೆದರೆ ಖಂಡಿತ ಸೊನ್ನೆ ಆಗುತ್ತೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. “ಖಂಡಿತ ಅಂತ ಹೇಳಕ್ಕಾಗಲ್ಲ ಮಿಸ್. ಕಮ್ಮಿ ಕಮ್ಮಿ ಆಗ್ತಾ ಹೋಗುತ್ತೆ.”

ಇದೇ ಲೆಕ್ಕವನ್ನು ವಿಜ್ಞಾನಿಗಳು ಹತ್ತರ ಲೆಕ್ಕದಲ್ಲಿ ಹೇಳುತ್ತಾರೆ. ಸೂಕ್ಷ್ಮಜೀವಿಗಳ ಸಂಖ್ಯೆಯನ್ನು ಹತ್ತನೆಯ ಒಂದು ಪಾಲಿಗೆ ಇಳಿಸಲು ಬೇಕಾದ ಪ್ರಮಾಣಕ್ಕೆ ಡಿ-10 ಎಂದು ಹೆಸರು. ಲೆಕ್ಕಕ್ಕಾಗಿ ಒಂದು ಸೂಕ್ಷ್ಮಜೀವಿಯ ಡಿ-10 ಮೌಲ್ಯ 1.5 ಕಿಲೋಗ್ರೇ ಎಂದಿಟ್ಟುಕೊಂಡೆವು. 6 ಕಿಲೋಗ್ರೇ ಎಂದರೆ ನಾಲ್ಕು ಸಲ ಹತ್ತರಿಂದ ಭಾಗಿಸಿದಂತೆ. ಒಂದು ಗ್ರಾಂ ಪುಡಿಯಲ್ಲಿ 1,00,000 ಇದ್ದರೆ 10 ಉಳಿಯುತ್ತವೆ. 10,00,000 ಇದ್ದರೆ? ಮಕ್ಕಳೇ ಸೊನ್ನೆ ಹೊಡೆದು ಹೇಳಿದರು: 100. “ಹಾಗಾದ್ರೆ ಮೊದ್ಲೇ ಕ್ಲೀನಾಗಿ ಇಟ್ಕೊಂಡ್ರೆ ಒಳ್ಳೇದು,” ಎಂದಳು ಮುಂದಿನ ಬೆಂಚಿನ ಹುಡುಗಿ. ವಿಕಿರಣ ಕೊಳಕನ್ನು ಮುಚ್ಚುವ ಉಪಾಯವಲ್ಲ ಎಂಬ ದೊಡ್ಡ ಮಾತನ್ನು ನಾನು ಹೇಳುವ ಮೊದಲೇ ಅವಳು ಹೇಳಿಬಿಟ್ಟಳು. ನಾನು ಒಂದು ಸಂಗತಿಯನ್ನಷ್ಟೇ ಸೇರಿಸಿದೆ: ಬೂಷ್ಟು ಬೆಳೆದು ಪುಡಿಯಲ್ಲಿ ವಿಷ ಬಿಟ್ಟಿದ್ದರೆ, ಬೂಷ್ಟು ಸತ್ತರೂ ಆ ವಿಷ ಉಳಿಯುತ್ತದೆ. ಮುಗ್ಗಿದ ಟೀ ಪುಡಿಯನ್ನು ಯಾವ ಕಿರಣವೂ ಹೊಸದು ಮಾಡುವುದಿಲ್ಲ.

ವಿಸ್ತರಣೆ: “ನಾವು ಟೀ ಕುದಿಸಿ ಕುಡೀತೀವಲ್ಲ ಮಿಸ್, ಅಲ್ಲೇ ಸಾಯಲ್ವಾ?” ಇದು ನಾನು ಕಾಯುತ್ತಿದ್ದ ಪ್ರಶ್ನೆ. ಹೌದು, ಬಹಳಷ್ಟು ಅಲ್ಲೇ ಸಾಯುತ್ತವೆ. ನಮ್ಮ ಮನೆಯ ಕುದಿಸಿದ ಟೀಗೆ ವಿಕಿರಣ ಅನಿವಾರ್ಯವೇನಲ್ಲ ಎಂದೇ ಹೇಳಿದೆ. ಉಗುರುಬೆಚ್ಚಗಿನ ನೀರಿಗೆ ಟೀ ಚೀಲ ಅದ್ದುವವರು, ತಣ್ಣೀರಿನಲ್ಲೇ ನೆನೆಸಿ ಕುಡಿಯುವವರು, ಪುಡಿಯನ್ನು ಬೇರೆ ತಿನಿಸಿಗೆ ಬೆರೆಸುವವರು ಇದ್ದಾರೆ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಬೇಕಾದ ಸರಕೂ ಇದೆ. ಅಂಥ ಕಡೆ ಇದರ ಉಪಯೋಗ. ಹೀಗೆ ಸಂಸ್ಕರಿಸಿದ ಆಹಾರದ ಪೊಟ್ಟಣದ ಮೇಲೆ ವೃತ್ತದೊಳಗೆ ಎರಡು ಎಲೆಯಿರುವ ಹಸಿರು ಗುರುತು ಇರಬೇಕೆಂಬುದನ್ನು ಚಿತ್ರ ಬರೆದು ತೋರಿಸಿದೆ. ಕೊಳ್ಳುವವರಿಗೆ ತಿಳಿಯುವ ಹಕ್ಕಿದೆ. ಕುಡಿಯಬೇಕೋ ಬೇಡವೋ ಎಂಬುದು ಅವರ ಆಯ್ಕೆ, ಆದರೆ ಆ ಆಯ್ಕೆಗೆ ಕಾರಣ ತಪ್ಪು ತಿಳಿವಳಿಕೆ ಆಗಬಾರದು.

ತರಗತಿಯ ಕೊನೆಗೆ ಉಪನ್ಯಾಸಕರು ಎದ್ದು, “ಗಾಮಾ ಕಿರಣ ಹಾಯ್ದರೆ ವಸ್ತು ವಿಕಿರಣಶೀಲವಾಗುವುದಿಲ್ಲ ಎನ್ನುತ್ತೀರಿ. ಹಾಗಾದರೆ ಕೋಬಾಲ್ಟ್ ವಿಕಿರಣಶೀಲವಾದದ್ದು ಹೇಗೆ?” ಎಂದು ನನ್ನನ್ನೇ ಕೇಳಿದರು. ಓದಿಕೊಂಡಿದ್ದರಿಂದ ಬದುಕಿದೆ. ಸಾಮಾನ್ಯ ಕೋಬಾಲ್ಟ್-59ನ್ನು ಪರಮಾಣು ರಿಯಾಕ್ಟರಿನಲ್ಲಿ ಇಟ್ಟಾಗ ಅದರ ಬೀಜಕೇಂದ್ರ ಒಂದು ನ್ಯೂಟ್ರಾನನ್ನು ನುಂಗಿ ಕೋಬಾಲ್ಟ್-60 ಆಗುತ್ತದೆ. ಹಾಗೆ ಬದಲಿಸುವುದು ನ್ಯೂಟ್ರಾನ್. ಕೋಬಾಲ್ಟ್-60 ಬಿಡುವ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅಣುಗಳನ್ನು ಒಡೆಯಲು ಅದು ಧಾರಾಳ ಸಾಕು. ಆಹಾರದಲ್ಲಿರುವ ಪರಮಾಣುಗಳ ಬೀಜಕೇಂದ್ರವನ್ನು ಕದಲಿಸಲು ಸಾಲದು. ಎಂಟನೆಯ ತರಗತಿಗೆ ಇದಿಷ್ಟೂ ಬೇಡ. ಆದರೆ ಪಾಠ ಮಾಡುವವರಿಗೆ ಇದು ಗೊತ್ತಿಲ್ಲದಿದ್ದರೆ ಟಾರ್ಚಿನ ಹೋಲಿಕೆ ಬರೀ ಕೈಚಳಕವಾಗುತ್ತದೆ.

ಮೌಲ್ಯಮಾಪನ: ಅದೇ ಪ್ರಶ್ನೆಯ ಚೀಟಿ ಮತ್ತೆ ಕೊಟ್ಟೆ. ಈ ಸಲ ‘ಕುಡಿಯುವುದಿಲ್ಲ’ ಎಂದವರೂ ಇದ್ದರು. ‘ನನಗೆ ಟೀ ಇಷ್ಟವಿಲ್ಲ’ ಎಂಬುದು ಒಂದು ಕಾರಣ. ಅದಕ್ಕೆ ಪೂರ್ಣ ಅಂಕ ಕೊಟ್ಟೆ. ‘ಕಿರಣ ಉಳಿದಿರುತ್ತದೆ’ ಎಂದು ಬರೆದವರು ಇಬ್ಬರು ಮಾತ್ರ. ಅವರೊಡನೆ ಬಿಡುವಿನಲ್ಲಿ ಕುಳಿತು ಟಾರ್ಚಿನ ಪ್ರಯೋಗವನ್ನು ಅವರ ಕೈಯಿಂದಲೇ ಮಾಡಿಸಿದೆ. ಅಜ್ಜಿಯ ಬಗ್ಗೆ ಬರೆದಿದ್ದ ಹುಡುಗಿಯ ಚೀಟಿಯಲ್ಲಿ ಉತ್ತರದ ಬದಲು ಒಂದು ಪ್ರಶ್ನೆ ಇತ್ತು: ‘ಹಾಗಾದರೆ ನಮ್ಮ ಅಜ್ಜಿಯೂ ಟೀ ಪುಡಿಯ ಥರಾನಾ ಮಿಸ್?’

ತರಗತಿಯ ಹೊರಗೆ

‘ಹೌದು’ ಎಂದು ತಕ್ಷಣ ಹೇಳಿಬಿಡುವ ಆಸೆಯಾಯಿತು. ಹೇಳಲಿಲ್ಲ. ಹೊರಗಿನ ಯಂತ್ರದಿಂದ ಕಿರಣ ಹಾಯಿಸುವ ಚಿಕಿತ್ಸೆಯಾದರೆ ರೋಗಿ ವಿಕಿರಣಶೀಲ ಆಗುವುದಿಲ್ಲ. ಜೊತೆಯಲ್ಲಿ ಕೂರಬಹುದು, ಉಣ್ಣಬಹುದು. ಆದರೆ ವಿಕಿರಣದ ಮೂಲವನ್ನೇ ಸ್ವಲ್ಪ ಕಾಲ ದೇಹದೊಳಗೆ ಇಡುವ ಚಿಕಿತ್ಸೆಯೂ ಇದೆ. ಥೈರಾಯ್ಡ್ ಕಾಯಿಲೆಗೆ ವಿಕಿರಣಶೀಲ ಅಯೋಡಿನ್ ಕುಡಿಸುವುದೂ ಇದೆ. ಅಲ್ಲಿ ಕೆಲವು ದಿನ ಎಚ್ಚರಿಕೆ ಬೇಕು. ಅಜ್ಜಿಗೆ ಯಾವುದು ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು, ಪ್ರಶಿಕ್ಷಣಾರ್ಥಿಯಲ್ಲ.

ಶಾಲೆಯ ಮಾರ್ಗದರ್ಶಿ ಶಿಕ್ಷಕಿಯವರ ಮೂಲಕ ಹುಡುಗಿಯ ತಾಯಿಯನ್ನು ಕರೆಸಿ ಮಾತನಾಡಿದೆವು. ಆಸ್ಪತ್ರೆಯಲ್ಲಿ ಯಾರೂ ದೂರ ಇರಿ ಎಂದು ಹೇಳಿರಲಿಲ್ಲ. “ಅಕ್ಕಪಕ್ಕದೋರು ಹೇಳಿದ್ರು ಮೇಡಂ, ಮಕ್ಕಳಿರೋ ಮನೆ, ಹುಷಾರು ಅಂತ. ಡಾಕ್ಟರ್ನ ಕೇಳಾಕೆ ಅಂಜಿಕೆ ಆಯ್ತು,” ಎಂದರು ಆ ತಾಯಿ. ಮುಂದಿನ ಸಲ ಹೋದಾಗ ಕೇಳಲೇಬೇಕಾದ ಎರಡು ಪ್ರಶ್ನೆಗಳನ್ನು ಅವರಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆವು: ‘ಕೊಡುತ್ತಿರುವುದು ಹೊರಗಿನ ಯಂತ್ರದ ಚಿಕಿತ್ಸೆಯೇ? ಮಕ್ಕಳು ಜೊತೆಗಿರಬಹುದೇ?’

ಒಂದು ವಾರದ ನಂತರ ಪ್ರಾರ್ಥನೆಗೆ ಸಾಲು ನಿಲ್ಲುವ ಹೊತ್ತಿನಲ್ಲಿ ಹುಡುಗಿ ಹತ್ತಿರ ಬಂದು, “ಮಿಶಿನ್ನಿಂದೇ ಕೊಡೋದಂತೆ ಮಿಸ್. ಏನೂ ಆಗಲ್ಲ ಅಂದ್ರಂತೆ. ಈಗ ಬೆಳಿಗ್ಗೆ ಅಜ್ಜಿಗೆ ಟೀ ನಾನೇ ಕೊಡೋದು,” ಎಂದು ಹೇಳಿ ಸಾಲಿಗೆ ಓಡಿದಳು. ಲೋಟದ ವಿಷಯ ನಾನು ಕೇಳಲಿಲ್ಲ. ಈ ವರದಿ ಬರೆಯಲು ಅವಳ ತಾಯಿಯ ಒಪ್ಪಿಗೆ ಪಡೆದಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರಿಗೆ ನನ್ನ ಅನುಭವದಿಂದ ಕೆಲವು ಮಾತು.

ಮೊದಲನೆಯದಾಗಿ, ಮಾದರಿ ಯಾವುದೇ ಇರಲಿ, ಪಾಠ ಮುಗಿದ ಮೇಲೆ ತಟ್ಟೆಯಲ್ಲಿ ಏನು ಉಳಿಯುತ್ತದೆ ಎಂದು ಮೊದಲೇ ಯೋಚಿಸಿ. ಮಕ್ಕಳು ನಾವು ಹೇಳಿದ್ದನ್ನು ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ.

ಎರಡನೆಯದಾಗಿ, ಪಾಠ ಯೋಜನೆಯಲ್ಲಿ ಕಠಿಣ ಪದಗಳ ಪಟ್ಟಿ ಮಾಡುತ್ತೇವೆ. ಸುಲಭ ಪದಗಳ ಪಟ್ಟಿಯನ್ನೂ ಮಾಡಿ. ‘ಗಾಮಾ’ ಎಂಬ ಪದ ಯಾರನ್ನೂ ದಾರಿ ತಪ್ಪಿಸಲಿಲ್ಲ. ದಾರಿ ತಪ್ಪಿಸಿದ್ದು ‘ತಗಲು’.

ಮೂರನೆಯದಾಗಿ, ಹುಣಸೆ ಬೀಜದ ಆಟವನ್ನೇ ಮುಂದಿನ ತರಗತಿಗಳಲ್ಲಿ ಅರ್ಧಾಯುಷ್ಯ ಕಲಿಸಲು ಬಳಸುವುದುಂಟು. ಎರಡನ್ನೂ ಬೆರೆಸಬೇಡಿ. ಅಲ್ಲಿ ಎಣಿಸುವುದು ವಿಕಿರಣಶೀಲ ಪರಮಾಣುಗಳನ್ನು, ಒಂದು ಎಸೆತ ಎಂದರೆ ಇಷ್ಟು ಕಾಲ; ಕೋಬಾಲ್ಟ್-60ಕ್ಕೆ ಅದು 5.27 ವರ್ಷ. ಇಲ್ಲಿ ಎಣಿಸುವುದು ಸೂಕ್ಷ್ಮಜೀವಿಗಳನ್ನು, ಒಂದು ಎಸೆತ ಎಂದರೆ ಇಷ್ಟು ಪ್ರಮಾಣ. ಯಾವುದನ್ನು ಎಣಿಸುತ್ತಿದ್ದೇವೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದೇ ಆಟ ಶುರು ಮಾಡಿ.

ಕೊನೆಯದಾಗಿ, ‘ಅರ್ಥವಾಯಿತೇ?’ ಎಂದು ಕೇಳಿದರೆ ತರಗತಿ ‘ಆಯ್ತು ಮಿಸ್’ ಎನ್ನುತ್ತದೆ. ‘ನೀವು ಕುಡಿಯುತ್ತೀರಾ, ಏಕೆ?’ ಎಂದು ಕೇಳಿ, ಉತ್ತರವನ್ನು ಬರೆಸಿ, ಅದೇ ದಿನ ಓದಿ. ನನ್ನ ಮೊದಲ ಪಾಠದ ವೀಕ್ಷಣಾ ನಮೂನೆಯನ್ನೂ ಆ ಚೀಟಿಯನ್ನೂ ಅಭ್ಯಾಸ ಬೋಧನೆಯ ಕಡತದಲ್ಲಿ ಒಂದರ ಪಕ್ಕ ಒಂದು ಇಟ್ಟಿದ್ದೇನೆ.